ನೀರು ಹೊತ್ತವರು

ನಮ್ಮ ಕಡೆ ಯಾರನ್ನಾದರೂ ಹಂಗಿಸಬೇಕೆಂದರೆ ಮಾತಿಗೇನೂ ಬರವಿಲ್ಲ. ಕೆಲಸಕ್ಕೆ ಬಾರದವನು, ಹೊಟ್ಟೆಗೆ ದಂಡ, ಭೂಮಿಗೆ ಭಾರ ಎಂದೆಲ್ಲ ಅನ್ನುತ್ತೇವೆ. ಆದರೆ 'ನೀರು ಹೊರುವವನು' ಎಂದು ಯಾರನ್ನಾದರೂ ಬೈದದ್ದನ್ನು ನಾನು ಕೇಳಿಲ್ಲ. ಹಾಗೆ ಬೈಯುವುದೂ ಉಂಟೆಂದು ನನಗೆ ತಿಳಿದದ್ದು ಫ್ರಾನ್ಸ್ ದೇಶದ ಒಬ್ಬ ಫುಟ್‌ಬಾಲ್ ಆಟಗಾರನಿಂದ.

ಆತನ ಹೆಸರು ಎರಿಕ್ ಕಾಂತೊನಾ. ದೊಡ್ಡ ಗೋಲುಗಾರ, ಅಷ್ಟೇ ದೊಡ್ಡ ಸಿಡುಕ. 1995ರ ಜನವರಿಯಲ್ಲಿ ಇಂಗ್ಲೆಂಡಿನ ಒಂದು ಪಂದ್ಯದಲ್ಲಿ ಬೇಲಿಯಾಚೆ ನಿಂತು ಕೆಣಕಿದ ಪ್ರೇಕ್ಷಕನಿಗೆ ಎಗರಿ ಒದ್ದು ತಿಂಗಳುಗಟ್ಟಲೆ ಆಟದಿಂದ ಹೊರಗೆ ಕೂತ. ಫ್ರಾನ್ಸ್ ತಂಡಕ್ಕೆ ಅವನೇ ನಾಯಕನಾಗಿದ್ದ. ಮತ್ತೆ ಆ ತಂಡಕ್ಕೆ ಅವನು ಆಡಲಿಲ್ಲ. ಮುಂದೆ ನಾಯಕತ್ವ ದಿದಿಯೆ ದೆಶಾಂ ಎಂಬ ನಡುಗಣದ ಆಟಗಾರನ ಪಾಲಾಯಿತು. 1996ರಲ್ಲಿ ಕಾಂತೊನಾ ಈ ದೆಶಾಂ ಬಗ್ಗೆ ಆಡಿದ ಮಾತು ಲೋಕವೆಲ್ಲ ಹಬ್ಬಿತು: ಅವನೊಬ್ಬ ನೀರು ಹೊರುವವನು, ಅಷ್ಟೆ, ಅಂಥವರು ಯಾವ ಬೀದಿಯ ಮೂಲೆಯಲ್ಲಾದರೂ ಸಿಗುತ್ತಾರೆ ಎಂಬ ಅರ್ಥದ ಮಾತು. ಎಂದರೆ, ತಾನು ಗೋಲು ಹೊಡೆಯಲಾರ, ಹೊಡೆಯುವವರಿಗೆ ಚೆಂಡು ತಂದುಕೊಡುವ ಆಳು ಎಂದು.

ಈ ಮಾತನ್ನು ನನಗೆ ಓದಿ ಹೇಳಿದವನು ನನ್ನ ತಮ್ಮ. ಓದಿ ಇಬ್ಬರೂ ನಕ್ಕೆವು. ನಾವು ಹುಟ್ಟಿ ಬೆಳೆದದ್ದು ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಆಗ ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬರುತ್ತಿದ್ದುದು ಹೊತ್ತಲ್ಲದ ಹೊತ್ತಿನಲ್ಲಿ, ಅದೂ ಬೆರಳ ಗಾತ್ರ. ತಲೆಯ ಮೇಲೆ ಸಿಂಬಿ, ಅದರ ಮೇಲೊಂದು ಬಿಂದಿಗೆ, ಸೊಂಟದಲ್ಲಿ ಇನ್ನೊಂದು. ನಾನು ಶಾಲೆಗೆ ಹೋಗುವ ಮುಂಚೆ ಹತ್ತು ಸಲ ಹೋಗಿ ಬರಬೇಕಿತ್ತು. ಅಮ್ಮ ಹದಿನೈದು ಸಲ. ಬುಗುಡನಹಳ್ಳಿ ಕೆರೆಗೆ ಹೇಮಾವತಿ ಬಂದು, ಅಲ್ಲಿಂದ ಮನೆಮನೆಗೆ ನಲ್ಲಿ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ ಇದು ಕಥೆಯ ಹಾಗೆ ಕೇಳಿಸುತ್ತದೆ. ನೀರು ಹೊರುವವರು ಯಾವ ಬೀದಿಯ ಮೂಲೆಯಲ್ಲಾದರೂ ಸಿಗುತ್ತಾರೆ ಎಂಬ ಮಾತಿನಲ್ಲಿ ನಮಗೆ ಸುಳ್ಳೇನೂ ಕಾಣಲಿಲ್ಲ. ಬೀದಿಯ ಮೂಲೆಯಲ್ಲಿ ಸಾಲಾಗಿ ನಾವೇ ನಿಂತಿದ್ದೆವಲ್ಲ!

ಅಂದಿನಿಂದ ಈ ನಡುಗಣದ ಆಟಗಾರರ ಚರಿತ್ರೆ ನನ್ನನ್ನು ಹಿಡಿದುಕೊಂಡಿತು. ನಮ್ಮ ಕರ್ನಾಟಕದಲ್ಲೂ ಅಂಥವರಿದ್ದರು. ಅವರ ಕಥೆ ಹೇಳಬೇಕೆಂದೇ ಇದನ್ನು ಬರೆಯಲು ಕೂತದ್ದು. ಫುಟ್‌ಬಾಲ್ ಎಂದ ಕೂಡಲೇ ಪುಟ ತಿರುಗಿಸಬೇಡಿ. ಆಟದ ಲೆಕ್ಕಾಚಾರ ನಾನು ಹೆಚ್ಚು ಹೇಳುವುದಿಲ್ಲ. ನಡುಗಣದವನ ಕೆಲಸವೇನೆಂದು ತಿಳಿದರೆ ಸಾಕು, ಅದಕ್ಕೆ ಮದುವೆಮನೆಯ ಪಂಕ್ತಿ ನೆನೆಸಿಕೊಳ್ಳಿ. ಅಡಿಗೆಮನೆಯಲ್ಲಿ ಭಟ್ಟರು ಕಾಣುತ್ತಾರೆ, ಪಂಕ್ತಿಯಲ್ಲಿ ಬಡಿಸುವವರು ಕಾಣುತ್ತಾರೆ. ಕೊಪ್ಪರಿಗೆಯಿಂದ ಬಕೆಟ್ಟಿಗೆ ತುಂಬಿ, ಯಾವ ಸಾಲಿನಲ್ಲಿ ಸಾರು ಮುಗಿಯಿತು, ಎಲ್ಲಿ ಅನ್ನ ಬೇಕು ಎಂದು ನೋಡಿಕೊಂಡು ನಡುವೆ ಓಡಾಡುವವರು ಇರುತ್ತಾರಲ್ಲ, ಅವರನ್ನು ಯಾರೂ ಗಮನಿಸುವುದಿಲ್ಲ. ಅವರಿಲ್ಲದಿದ್ದರೆ ಮಾತ್ರ ಎಲೆಯ ಮುಂದೆ ಕೂತವರಿಗೆಲ್ಲ ಗೊತ್ತಾಗುತ್ತದೆ. ಹನ್ನೊಂದು ಜನರ ತಂಡದಲ್ಲಿ ನಡುಗಣದವನೂ ಹಾಗೆಯೇ. ಎದುರಾಳಿಯಿಂದ ಚೆಂಡು ಕಿತ್ತುಕೊಳ್ಳಬೇಕು, ಮುಂದೆ ನಿಂತವನ ಕಾಲಿಗೆ ಅದು ಸರಿಯಾಗಿ ಸೇರುವಂತೆ ಮಾಡಬೇಕು, ಚೆಂಡು ಕಳೆದುಹೋದರೆ ಮತ್ತೆ ಹಿಂದಕ್ಕೆ ಓಡಬೇಕು. ಒಂದೂವರೆ ಗಂಟೆಯ ಆಟದಲ್ಲಿ ಹತ್ತು ಹನ್ನೊಂದು ಕಿಲೋಮೀಟರಿನಷ್ಟು ಓಟ. ಮರುದಿನದ ಪತ್ರಿಕೆಯಲ್ಲಿ ಬರುವುದು ಗೋಲು ಹೊಡೆದವನ ಹೆಸರು.

ಬೆಂಗಳೂರಿಗೆ ಈ ಆಟ ಬಂದದ್ದು ಕಂಟೋನ್ಮೆಂಟಿನ ಬ್ರಿಟಿಷ್ ಸಿಪಾಯಿಗಳ ಜೊತೆ. ಅವರು ಬೂಟು ಹಾಕಿ ಆಡುತ್ತಿದ್ದುದನ್ನು ಬೇಲಿಯಾಚೆಯಿಂದ ನೋಡಿದ ಹುಡುಗರು ಬರಿಗಾಲಲ್ಲಿ ಕಲಿತರು. ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಕಡೆಯ ಗಲ್ಲಿಗಳಲ್ಲಿ ಕ್ರಿಕೆಟ್ಟಿಗಿಂತ ಫುಟ್‌ಬಾಲೇ ದೊಡ್ಡದಾಯಿತು. ಆಗಿನ ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು: 1946–47, 1952–53, 1967–68 ಮತ್ತು 1968–69ರಲ್ಲಿ. ನಾಲ್ಕರಲ್ಲಿ ಮೂರು ಸಲ ಫೈನಲ್ಲಿನಲ್ಲಿ ಸೋತದ್ದು ಬಂಗಾಳ. ಫುಟ್‌ಬಾಲ್ ಎಂದರೆ ಬಂಗಾಳವೆಂದು ದೇಶವೆಲ್ಲ ನಂಬಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಫ್ರಾನ್ಸ್ ಎಂದೆನಲ್ಲ, ಆ ದೇಶಕ್ಕೂ ನಮ್ಮವರಿಗೂ ಹಳೆಯ ನಂಟೊಂದಿದೆ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ, ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರದ ಭಾರತ ಎದುರಿಸಿದ್ದು ಫ್ರಾನ್ಸ್ ತಂಡವನ್ನೇ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಇಳಿದರು. ಮೊದಲ ಗೋಲು ಫ್ರೆಂಚರದು. ಎಪ್ಪತ್ತನೆಯ ನಿಮಿಷದಲ್ಲಿ ಮೈಸೂರು ಸಂಸ್ಥಾನದ ಆಟಗಾರ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ಎರಡು ಪೆನಾಲ್ಟಿ ಸಿಕ್ಕಿದರೂ ಎರಡೂ ಕೈತಪ್ಪಿದವು. ಆಟ ಮುಗಿಯಲು ಒಂದು ನಿಮಿಷವಿದ್ದಾಗ ಫ್ರಾನ್ಸ್ ಇನ್ನೊಂದು ಹೊಡೆದು 2–1ರಿಂದ ಗೆದ್ದಿತು.

ಆ ತಂಡದಲ್ಲಿ ಬೆಂಗಳೂರಿನ ಇನ್ನೊಬ್ಬ ಹುಡುಗನಿದ್ದ, ಇಪ್ಪತ್ತೊಂದು ವರ್ಷದ ಅಹ್ಮದ್ ಖಾನ್. ಆ ಕಾಲದ ಲೆಕ್ಕದಲ್ಲಿ ಅವರ ಜಾಗದ ಹೆಸರು ಇನ್‌ಸೈಡ್ ಲೆಫ್ಟ್. ಮುಂಪಂಕ್ತಿಯವರೆಂದು ಹೆಸರಾದರೂ ಹಿಂದೆ ಸರಿದು ಚೆಂಡು ಪಡೆದು ಮುಂದಿನವರಿಗೆ ಒದಗಿಸುವುದು ಆ ಜಾಗದವರ ಕೆಲಸ. ಬರಿಗಾಲಿಗೆ ಚೆಂಡನ್ನು ಅಂಟಿಸಿಕೊಂಡು ಎದುರಾಳಿಗಳ ನಡುವೆ ನುಸುಳುತ್ತಿದ್ದುದನ್ನು ನೋಡಿ ಜನ ಅವರನ್ನು ಹಾವಾಡಿಗ ಎಂದರು. 1949ರಲ್ಲಿ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹ್ಮದ್ ಖಾನ್ ಈ ಐವರನ್ನು ಕಲ್ಕತ್ತೆಯವರು ಪಂಚಪಾಂಡವರೆಂದು ಕರೆದರು. ಆ ವರ್ಷವೇ ತಂಡ ಕಲ್ಕತ್ತಾ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಶೀಲ್ಡ್ ಅಂತೂ 1951ರವರೆಗೆ ಮೂರು ವರ್ಷ ಬೇರೆಯವರ ಕೈಗೆ ಹೋಗಲಿಲ್ಲ. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅವರಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಾ 10–1ರಿಂದ ಭಾರತವನ್ನು ಸೋಲಿಸಿತು. ಆ ಒಂದು ಗೋಲು ಅಹ್ಮದ್ ಖಾನರದು. ಆ ಸೋಲಿನ ಬಳಿಕವೇ ನಮ್ಮವರಿಗೆ ಬೂಟು ಕಡ್ಡಾಯವಾಯಿತು. ಹತ್ತು ವರ್ಷ ಕಲ್ಕತ್ತೆಯಲ್ಲಿ ಆಡಿ ಊರಿಗೆ ಮರಳಿದ ಅವರು 2017ರ ಆಗಸ್ಟಿನಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಹೆಸರು ಕಲ್ಕತ್ತೆಯ ಮುದುಕರಿಗೆ ಗೊತ್ತಿದ್ದಷ್ಟು ನಮ್ಮ ಜಿಲ್ಲೆಗಳಲ್ಲಿ ಗೊತ್ತಿರಲಿಲ್ಲ.

ಆಡಲು ಊರು ಬಿಡಬೇಕೇಕೆ ಎಂದು ನೀವು ಕೇಳಬಹುದು. ಬೆಂಗಳೂರಿನಲ್ಲಿ ಆಟವಿತ್ತು, ಆಟದಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಎಚ್.ಎ.ಎಲ್., ಐ.ಟಿ.ಐ. ಮುಂತಾದ ಕಾರ್ಖಾನೆಗಳು ತಂಡ ಕಟ್ಟಿದ ಮೇಲೆ ಚೆನ್ನಾಗಿ ಆಡುವವನಿಗೆ ಅಲ್ಲೊಂದು ನೌಕರಿ ಸಿಗತೊಡಗಿತು. ಅದು ಕಾರ್ಖಾನೆಯ ಸಂಬಳ, ಆಟದ ಸಂಬಳವಲ್ಲ. ಆಟವನ್ನೇ ಕಸುಬು ಮಾಡಿಕೊಳ್ಳಬೇಕೆಂದವನು ಹೌರಾ ರೈಲು ಹತ್ತಬೇಕಿತ್ತು.

ಹಾಗೆ ಹತ್ತಿದವರಲ್ಲಿ ನನ್ನ ಕಥಾನಾಯಕ ಕಾರ್ಲ್‌ಟನ್ ಚಾಪ್‌ಮನ್ ಒಬ್ಬರು. ಹುಟ್ಟಿದ್ದು 1971ರ ಏಪ್ರಿಲ್ 13ರಂದು ಬೆಂಗಳೂರಿನಲ್ಲಿ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿಗೆ ಜಮ್ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. ಆ ಅಕಾಡೆಮಿ ಶುರುವಾದದ್ದು 1987ರಲ್ಲಿ. ಫುಟ್‌ಬಾಲನ್ನು ಶಾಲೆಯ ಪಾಠದ ಹಾಗೆ ದಿನವೂ ಕಲಿಸುವುದು ನಮ್ಮ ದೇಶಕ್ಕೆ ಆಗ ಹೊಸದು. ಅಲ್ಲಿಂದ 1993ರಲ್ಲಿ, ಅಹ್ಮದ್ ಖಾನರು ಸೇರಿ ನಲವತ್ತನಾಲ್ಕು ವರ್ಷಗಳ ಮೇಲೆ, ಅದೇ ಈಸ್ಟ್ ಬೆಂಗಾಲಿಗೆ ಬಂದರು.

ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ಪಿನ ಪಂದ್ಯದಲ್ಲಿ ಇರಾಕಿನ ಅಲ್ ಜವ್ರಾ ಎಂಬ ಬಲವಾದ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಸೋಲಿಸಿತು. ಅದರಲ್ಲಿ ಮೂರು ಗೋಲು ಚಾಪ್‌ಮನ್ ಅವರವು. ಅವರ ವಿಷಯ ಬರೆದವರೆಲ್ಲ ಮೊದಲು ಬರೆಯುವುದು ಈ ಮೂರು ಗೋಲುಗಳನ್ನು. ನಡುಗಣದವನೊಬ್ಬ ತನ್ನ ನಿತ್ಯದ ಕೆಲಸ ಬಿಟ್ಟು ಬೇರೆಯವರ ಕೆಲಸ ಮಾಡಿದ ಒಂದು ದಿನ ಚರಿತ್ರೆಗೆ ಸೇರಿತು. ನಿತ್ಯದ ಕೆಲಸ ಮಾಡಿದ ಎಂಟು ವರ್ಷ ಎಲ್ಲಿ ಸೇರಿತೋ!

1995ರಲ್ಲಿ ಅವರು ಪಂಜಾಬಿನ ಫಗ್ವಾಡದ ಜೆ.ಸಿ.ಟಿ. ಮಿಲ್ಸ್ ತಂಡಕ್ಕೆ ಹೋದರು. ಕೇರಳದ ಐ.ಎಂ. ವಿಜಯನ್, ಸಿಕ್ಕಿಮಿನ ಬೈಚುಂಗ್ ಭುಟಿಯಾ ಅಲ್ಲಿದ್ದರು. ದೇಶದ ತಂಡಗಳೆಲ್ಲ ಸೇರಿ ಆಡುವ ರಾಷ್ಟ್ರೀಯ ಲೀಗ್ 1996–97ರಲ್ಲಿ ಮೊದಲ ಬಾರಿಗೆ ನಡೆದಾಗ ಗೆದ್ದದ್ದು ಈ ಜೆ.ಸಿ.ಟಿ.ಯೇ. ಆ ಲೀಗಿನಲ್ಲಿ ಭುಟಿಯಾ ಹದಿನಾಲ್ಕು ಗೋಲು ಹೊಡೆದು ಎಲ್ಲರಿಗಿಂತ ಮೇಲಿದ್ದರು. ಹದಿನಾಲ್ಕು ಎಂಬುದು ದಾಖಲೆಯ ಪುಸ್ತಕದಲ್ಲಿದೆ. ನಡುಗಣದಿಂದ ಅವರಿಗೂ ವಿಜಯನ್ ಅವರಿಗೂ ಎಷ್ಟು ಸಲ ಚೆಂಡು ಒದಗಿಬಂತು ಎಂಬುದಕ್ಕೆ ಆಗಿನ ಪತ್ರಿಕೆಗಳು ಸಾಲು ಮೀಸಲಿಡುತ್ತಿರಲಿಲ್ಲ.

1997ರಲ್ಲಿ ಹೊಸದಾಗಿ ಹುಟ್ಟಿದ ಎಫ್.ಸಿ. ಕೊಚ್ಚಿನ್ ತಂಡಕ್ಕೆ ಆಡಿ, 1998ರಲ್ಲಿ ಚಾಪ್‌ಮನ್ ಮತ್ತೆ ಈಸ್ಟ್ ಬೆಂಗಾಲಿಗೆ ಮರಳಿದರು. ಸಂತೋಷ್ ಟ್ರೋಫಿಯನ್ನು ಬಂಗಾಳದ ಪರವಾಗಿ ಗೆದ್ದರು. ನಮ್ಮ ಹುಡುಗ ಬಂಗಾಳಕ್ಕೆ ಗೆದ್ದುಕೊಟ್ಟನಲ್ಲ ಎಂದು ನನ್ನ ತಮ್ಮನಿಗೆ ಹೊಟ್ಟೆಯುರಿ. ಕಲ್ಕತ್ತೆಯ ಅನ್ನ ತಿಂದ ಮೇಲೆ ಕಲ್ಕತ್ತೆಗೆ ಆಡಬೇಕಾದ್ದು ಧರ್ಮ ಎಂದು ನಾನು. ಭಾರತದ ತಂಡಕ್ಕೂ ಅವರು ವರ್ಷಗಟ್ಟಲೆ ಆಡಿದರು, ಕೆಲಕಾಲ ನಾಯಕರೂ ಆಗಿದ್ದರು. 2000–01ರ ರಾಷ್ಟ್ರೀಯ ಲೀಗನ್ನು ಈಸ್ಟ್ ಬೆಂಗಾಲ್ ಮೊದಲ ಬಾರಿಗೆ ಗೆದ್ದಾಗ ನಾಯಕರಾಗಿದ್ದವರು ಅವರೇ. ಆ ವರ್ಷವೇ ಆಟದಿಂದ ನಿವೃತ್ತರಾದರು. ಆಗ ಅವರಿಗೆ ಮೂವತ್ತು. ನಮ್ಮ ಮನೆಗಳಲ್ಲಿ ಗಂಡುಮಕ್ಕಳ ಕೆಲಸ ಒಂದು ನೆಲೆಗೆ ಬರುವ ವಯಸ್ಸಿಗೆ ಆಟಗಾರನ ಕೆಲಸ ಮುಗಿದಿರುತ್ತದೆ.

ಇಲ್ಲಿ ನನ್ನ ತಮ್ಮನ ವಿಷಯ ಸ್ವಲ್ಪ ಹೇಳಬೇಕು. ಅವನೂ ನಡುಗಣದವನೇ. ಆಗ ಅದಕ್ಕೆ ಹಾಫ್ ಬ್ಯಾಕ್ ಎನ್ನುತ್ತಿದ್ದರು. ಉಪ್ಪಾರಹಳ್ಳಿಯ ರೈಲ್ವೆ ಗೇಟು ಹಾಕಿದ್ದರೆ ಸೈಕಲ್ಲನ್ನು ಅಡ್ಡಗಂಬದ ಕೆಳಗೆ ನುಸುಳಿಸಿಕೊಂಡು ಕಾಲೇಜು ಮೈದಾನಕ್ಕೆ ಓಡುತ್ತಿದ್ದ. ಅವನ ಮಂಡಿಗೆ ಅರಿಸಿನ ಮೆತ್ತುವುದೇ ಅಮ್ಮನಿಗೆ ಸಂಜೆಯ ಕೆಲಸ. 1988ರಲ್ಲಿ ಬೆಂಗಳೂರಿನ ಒಂದು ಕಚೇರಿಯಲ್ಲಿ ಕ್ರೀಡಾಪಟುಗಳಿಗೆ ಮೀಸಲಾದ ಕೆಲಸಕ್ಕೆ ಅರ್ಜಿ ಹಾಕಿ ಸಂದರ್ಶನಕ್ಕೆ ಹೋದ. ಅಪ್ಪನ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಸರ್ಟಿಫಿಕೇಟುಗಳನ್ನೆಲ್ಲ ಒಂದು ಫೈಲಿನಲ್ಲಿಟ್ಟುಕೊಂಡು ಹೋಗಿದ್ದ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಒಟ್ಟು ಎಷ್ಟು ಗೋಲು ಹೊಡೆದಿದ್ದೀರಿ?"

"ಒಂದು ಸರ್."

"ಒಂದೇ?"

"ನಾನು ಹಾಫ್ ಬ್ಯಾಕ್ ಸರ್."

ಮೇಜಿನಾಚೆ ಇದ್ದ ಮೂವರೂ ನಕ್ಕರಂತೆ. ಕೆಲಸ ಬರಲಿಲ್ಲ. ಅದಕ್ಕೇ ಬರಲಿಲ್ಲವೆಂದು ನಾನು ಹೇಳಲಾರೆ. ಅರ್ಜಿ ಹಾಕಿದವರು ನೂರು ಜನ, ಕೆಲಸ ಎರಡು. ಆದರೆ ಅವತ್ತು ರಾತ್ರಿ ಊಟಕ್ಕೆ ಕೂತು ಅವನು ಕೇಳಿದ ಮಾತು ನನಗೆ ಮರೆತಿಲ್ಲ: "ಅಕ್ಕ, ನಾನು ಎಷ್ಟು ಸಲ ಚೆಂಡು ಕೊಟ್ಟೆ ಅಂತ ಯಾರಾದರೂ ಬರೆದಿಟ್ಟಿದ್ದರೆ ಆ ಕಾಗದಾನೂ ತಗೊಂಡು ಹೋಗ್ತಿದ್ದೆ." ಅಮ್ಮ ಏನೂ ಅನ್ನದೆ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಆಮೇಲೆ ಅವನು ಅಂಗಡಿ ಇಟ್ಟ, ಚೆನ್ನಾಗಿಯೇ ಇದ್ದಾನೆ. ಚಾಪ್‌ಮನ್ ಆಡಿದ ವರ್ಷಗಳಲ್ಲಿ ಅಂಗಡಿಗೆ ಬರುವ ಪತ್ರಿಕೆಗಳಲ್ಲಿ ಮೊದಲು ಕ್ರೀಡಾಪುಟ ತೆಗೆದು ಅವರ ಹೆಸರು ಹುಡುಕುತ್ತಿದ್ದ.

ಮತ್ತೆ ದೆಶಾಂ ಅವರಿಗೆ ಬರೋಣ. ಅವರು ಫ್ರಾನ್ಸ್ ಪರ 103 ಪಂದ್ಯ ಆಡಿದರು. ಹೊಡೆದ ಗೋಲು ನಾಲ್ಕು. ನನ್ನ ತಮ್ಮನನ್ನು ಕೇಳಿದವರ ಮುಂದೆ ಹೋಗಿ ಕೂತಿದ್ದರೆ ಅವರಿಗೂ ಕೆಲಸ ಸಿಗುತ್ತಿತ್ತೋ ಇಲ್ಲವೋ. ಆದರೆ 1993ರಲ್ಲಿ ಮಾರ್ಸೆ ತಂಡ ಯೂರೋಪಿನ ಚಾಂಪಿಯನ್ ಆದಾಗ ನಾಯಕ ಅವರೇ. 1998ರ ಜುಲೈ 12ರಂದು ಪ್ಯಾರಿಸ್ಸಿನ ಬಳಿ ನಡೆದ ವಿಶ್ವಕಪ್ ಫೈನಲ್ಲನ್ನು ನಾನು, ತಮ್ಮ, ಮಕ್ಕಳು ಎಲ್ಲ ನಮ್ಮ ಹಗಲುರಾತ್ರಿಗಳನ್ನು ಅದಲುಬದಲು ಮಾಡಿಕೊಂಡು ಟಿ.ವಿ. ಮುಂದೆ ನೋಡಿದೆವು. ಬ್ರೆಜಿಲ್ ಮೇಲೆ ಜಿದಾನ್ ತಲೆಯಿಂದ ಎರಡು ಗೋಲು, ಪೆತಿ ಒಂದು, 3–0. ಕಪ್ಪು ಎತ್ತಿದ್ದು ನೀರು ಹೊರುವವನು. ಕುಳ್ಳಗೆ, ಮುಖವೆಲ್ಲ ಬೆವರಾಗಿ ನಿಂತಿದ್ದ ಆ ಮನುಷ್ಯನನ್ನು ನೋಡಿ ನಮ್ಮ ಅಮ್ಮ "ಪಾಪ, ಬಹಳ ದಣಿದಿದ್ದಾನೆ" ಎಂದಳು. ಅಷ್ಟು ಜನರಲ್ಲಿ ದಣಿದವನನ್ನು ಅವಳ ಕಣ್ಣು ಗುರುತಿಸಿತು.

ದೆಶಾಂ ಕೂಡ ಆಟದಿಂದ ನಿವೃತ್ತರಾದದ್ದು 2001ರಲ್ಲೇ, ಚಾಪ್‌ಮನ್ ನಿವೃತ್ತರಾದ ವರ್ಷವೇ. ಇಬ್ಬರೂ ಕಲಿಸುವ ಕೆಲಸಕ್ಕೆ ತಿರುಗಿದರು. ದೆಶಾಂ 2018ರಲ್ಲಿ ಫ್ರಾನ್ಸ್ ತಂಡದ ತರಬೇತುದಾರರಾಗಿ ಮತ್ತೆ ವಿಶ್ವಕಪ್ ಗೆದ್ದರು. ಆಟಗಾರನಾಗಿಯೂ ಗುರುವಾಗಿಯೂ ಅದನ್ನು ಗೆದ್ದವರು ಅದಕ್ಕೆ ಮುಂಚೆ ಬ್ರೆಜಿಲಿನ ಜಗಾಲೊ, ಜರ್ಮನಿಯ ಬೆಕೆನ್‌ಬವರ್ ಇಬ್ಬರೇ. ಚಾಪ್‌ಮನ್ ತಾವು ಕಲಿತ ಟಾಟಾ ಅಕಾಡೆಮಿಯಲ್ಲಿ ಹುಡುಗರಿಗೆ ಕಲಿಸಿದರು, ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ ತಂಡ ಬೆಳೆಸಿದರು, ಕೋಳಿಕೋಡಿನಲ್ಲಿ ಕಲಿಸಿದರು. ಹೋದಲ್ಲೆಲ್ಲ ಸಣ್ಣ ತಂಡ, ಹೊಸ ಹುಡುಗರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ನಲವತ್ತೊಂಬತ್ತು ವಯಸ್ಸು ಸಾಯುವ ವಯಸ್ಸಲ್ಲ. ಮರುದಿನದ ಸುದ್ದಿಗಳಲ್ಲಿ ಇರಾಕಿನವರ ಮೇಲೆ ಹೊಡೆದ ಆ ಮೂರು ಗೋಲು ಮತ್ತೆ ಬಂದವು.

ಇಬ್ಬರನ್ನು ಹೋಲಿಸಿ ಒಬ್ಬರಿಗೆ ಭಾಗ್ಯ, ಒಬ್ಬರಿಗೆ ಅನ್ಯಾಯ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಫ್ರಾನ್ಸಿನಲ್ಲಿ ನಡುಗಣದವನ ಬೆಲೆ ತಿಳಿದ ತರಬೇತುದಾರರಿದ್ದರು, ಅವನಿಗೆ ಸಂಬಳ ಕೊಡುವ ತಂಡಗಳಿದ್ದವು. ನಮ್ಮಲ್ಲಿ ಅದೆಲ್ಲ ಆಗಷ್ಟೇ ಶುರುವಾಗಿತ್ತು. ಚಾಪ್‌ಮನ್ ಪೀಳಿಗೆಯವರು ಆಟವನ್ನೇ ನಂಬಿ ಬದುಕಬಹುದೇ ಎಂದು ತಮ್ಮ ಬದುಕನ್ನೇ ಒಡ್ಡಿ ನೋಡಿದರು. ಬೆಂಗಳೂರಿನಿಂದ ಜಮ್ಷೆಡ್‌ಪುರ, ಅಲ್ಲಿಂದ ಕಲ್ಕತ್ತೆ, ಫಗ್ವಾಡ, ಕೊಚ್ಚಿ, ಮತ್ತೆ ಕಲ್ಕತ್ತೆ: ಎಂಟು ವರ್ಷಗಳಲ್ಲಿ ಎಷ್ಟು ಊರು, ಎಷ್ಟು ಬಾಡಿಗೆ ಕೋಣೆ, ಎಷ್ಟು ಬಗೆಯ ಅನ್ನ! ಅವರ ಹಿಂದೆ ಬಂದ ಬೆಂಗಳೂರಿನ ಹುಡುಗರಿಗೆ ದಾರಿ ಸ್ವಲ್ಪ ಸವೆದಿತ್ತು.

ಉಪ್ಪಾರರು ಎಂದರೆ ಹಿಂದೆ ಉಪ್ಪು ತೆಗೆಯುತ್ತಿದ್ದವರು, ಆಮೇಲೆ ಮಣ್ಣು ಅಗೆದು ಹೊತ್ತು ಕೆರೆಕಟ್ಟೆ ಕಟ್ಟಿದವರು. ನಮ್ಮ ಸೀಮೆಯ ಕೆರೆಗಳ ಶಾಸನ ನೋಡಿದರೆ ಕಟ್ಟಿಸಿದ ನಾಯಕನ ಹೆಸರಿರುತ್ತದೆ, ಮಣ್ಣು ಹೊತ್ತವರ ಹೆಸರಿರುವುದು ಅಪರೂಪ. ನಮ್ಮ ಬಡಾವಣೆಯ ಹೆಸರಿನಲ್ಲಾದರೂ ಅವರು ಉಳಿದುಕೊಂಡಿದ್ದಾರಲ್ಲ ಎಂದು ನನಗೆ ಸಮಾಧಾನ. 1991ರ ಜನಗಣತಿಗೆ ನಮ್ಮ ಮನೆಗೆ ಬಂದ ಮೇಷ್ಟರು ಅಮ್ಮನ ಉದ್ಯೋಗ ಕೇಳಿದರು. ಮನೆಕೆಲಸ ಎಂದೆವು. ಗಣತಿಯ ನಿಯಮದಲ್ಲಿ ಮನೆಕೆಲಸದವರು ಕೆಲಸ ಮಾಡದವರ ಗುಂಪಿಗೆ ಸೇರುತ್ತಾರೆ. ಪಾಪ, ಮೇಷ್ಟರು ನಿಯಮದಂತೆ ಬರೆದುಕೊಂಡರು. ಅಷ್ಟರಲ್ಲಿ ಅಮ್ಮ ಅವರಿಗೆಂದು ಒಳಗಿನಿಂದ ತಂದ ನೀರಿನ ಲೋಟ ಅವರ ಕೈಯಲ್ಲಿತ್ತು. ಅಮ್ಮ ಹೊತ್ತು ತಂದ ನೀರೇ ಅದು.

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಐವತ್ತನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ತಮ್ಮ ಬೆಳಿಗ್ಗೆಯೇ ಪತ್ರಿಕೆ ಹಿಡಿದು ಮನೆಗೆ ಬಂದ. ಕೂದಲು ನರೆತಿದೆ, ಮಂಡಿ ನೋವು ಹಾಗೇ ಇದೆ. ನಾನು ಕಾಫಿ ಕೊಟ್ಟು ಸುದ್ದಿಯನ್ನು ಜೋರಾಗಿ ಓದಿದೆ, ಗೋಲು ಹೊಡೆದ ಮೂವರು ಹುಡುಗರ ಹೆಸರನ್ನೂ ಓದಿದೆ. ಎಲ್ಲ ಕೇಳಿ ಅವನು ಕನ್ನಡಕ ಹಾಕಿಕೊಂಡು ಪತ್ರಿಕೆ ತನ್ನ ಕಡೆಗೆ ಎಳೆದುಕೊಂಡ.

"ಕೊಡು ಇಲ್ಲಿ," ಅಂದ. "ಚೆಂಡು ಕೊಟ್ಟೋರು ಯಾರು ಅಂತ ಬರೆದಿದ್ದಾರಾ ನೋಡೋಣ."